ಕವಚ ಕಳಚುವ ಪಾಚಿ

ಪಾಚಿಯ ಜೀವಕೋಶಗಳ ಉದ್ದ ಕಡಿಮೆಯಾಗಿತ್ತು. ನೀರಿನ ಸ್ಥಾವರದ ಜೀವವಿಜ್ಞಾನಿ ನೀಲಾಂಬಿಕಾ ಹಡಗಲಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಮಸೂರ ಒರೆಸಿ, ಮತ್ತೆ ನೋಡಿದಳು. ಅಳತೆಯಲ್ಲಿ ತಪ್ಪಿರಲಿಲ್ಲ. ಮೂವತ್ತು ಮೈಕ್ರಾನ್ ಇರಬೇಕಾದ ಕೋಶಗಳು ಇಪ್ಪತ್ತೊಂದಕ್ಕೆ ಇಳಿದಿದ್ದವು. ಇನ್ನೊಂದು ಪಾಚಿಹಾಸಿನಿಂದ ಹರಳು ಎತ್ತಿ ತಂದು, ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು, ಆ ಲೋಳೆಯನ್ನೂ ಗಾಜಿನ ಪಟ್ಟಿಯ ಮೇಲಿಟ್ಟು ನೋಡಿದಳು. ಅಲ್ಲಿಯೂ ಅಷ್ಟೇ.

ಮರಳಿಹಾಳ ಬಯಲುಸೀಮೆಯ ಊರು. ಸುತ್ತಲೂ ಬಂಡೆಗುಡ್ಡ. ಕುಡಿಯುವುದಕ್ಕೆ ಕೊಳವೆಬಾವಿಯ ನೀರು, ಆ ನೀರಿನಲ್ಲಿ ಫ್ಲೋರೈಡ್. ಒಂದು ಕಾಲಕ್ಕೆ ಇಲ್ಲಿಯ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಹಲ್ಲಿನ ಮೇಲೆಲ್ಲ ಕಂದು ಪಟ್ಟೆ. ನಡುವಯಸ್ಸಿಗೇ ಮೊಣಕಾಲು ಮಡಚಲು ಬಾರದೆ, ಬೆನ್ನು ಬಾಗಿ, ನೆಲ ನೋಡುತ್ತಲೇ ನಡೆಯುವವರು ಮನೆಗೊಬ್ಬರಾದರೂ ಇದ್ದರು. ಆಮೇಲೆ ಪಾಚಿಹಾಸು ಬಂತು.

ಊರ ಹೊರಗೆ ಬಿಸಿಲಿಗೆ ಮೈಯೊಡ್ಡಿ ಮಲಗಿದ ಉದ್ದುದ್ದ ಸಿಮೆಂಟಿನ ಕಾಲುವೆಗಳು. ತಳದಲ್ಲಿ ಹರಳು, ಹರಳಿನ ಮೇಲೆ ಕಂದು ಬಣ್ಣದ ತೆಳ್ಳನೆಯ ಪಾಚಿ. ವಿಜ್ಞಾನಿಗಳು ಅದನ್ನು ಡಯಾಟಮ್ ಎಂದರೆ ಊರವರು ಗಾಜುಪಾಚಿ ಎಂದರು. ಊರವರ ಹೆಸರೇ ಹೆಚ್ಚು ಸರಿ. ಈ ಪಾಚಿಯ ಒಂದೊಂದು ಕೋಶವೂ ನೀರಿನ ಸಿಲಿಕಾ ಹೀರಿ ತನ್ನ ಸುತ್ತ ಗಾಜಿನ ಚಿಪ್ಪು ಕಟ್ಟಿಕೊಳ್ಳುತ್ತದೆ. ಹಾಸಿನಲ್ಲಿ ಬೆಳೆಸಿದ ಜಾತಿಗೆ ಇನ್ನೊಂದು ಗುಣವಿತ್ತು: ಚಿಪ್ಪು ಕಟ್ಟುವಾಗ ನೀರಿನಲ್ಲಿದ್ದ ಫ್ಲೋರೈಡನ್ನೂ ಎಳೆದುಕೊಂಡು ಗಾಜಿನೊಳಗೇ ಬಂದಿಯಾಗಿಸುತ್ತಿತ್ತು. ಮೇಲಿನಿಂದ ಕೆಟ್ಟ ನೀರು ಬಂದು ಕೆಳಗಿನಿಂದ ಒಳ್ಳೆಯ ನೀರು ಹೊರಡುತ್ತಿತ್ತು. ಪಾಚಿ ದಪ್ಪವಾದಾಗ ಕೆರೆದು ಇಟ್ಟಿಗೆಗೂಡಿಗೆ ಕಳಿಸಿದರೆ ಮುಗಿಯಿತು. ಈಗ ಮರಳಿಹಾಳದ ಶಾಲೆಯ ಮಕ್ಕಳ ಹಲ್ಲು ಬೆಳ್ಳಗಿದ್ದವು. ಇಂಥ ಹಾಸುಗಳು ಆ ಸೀಮೆಯ ನಲವತ್ತು ಊರುಗಳಲ್ಲಿ ಇದ್ದವು.

ಡಯಾಟಮ್‌ನ ಚಿಪ್ಪು ಡಬ್ಬಿ ಮತ್ತು ಮುಚ್ಚಳ ಇದ್ದಂತೆ. ಕೋಶ ಎರಡಾಗುವಾಗ ಒಂದು ಮರಿಗೆ ಮುಚ್ಚಳ ಸಿಗುತ್ತದೆ, ಇನ್ನೊಂದಕ್ಕೆ ಡಬ್ಬಿ. ಎರಡೂ ತಮಗೆ ಸಿಕ್ಕಿದ್ದರ ಒಳಗೆ ಕೂರುವಂಥ ಹೊಸ ಅರ್ಧವನ್ನು ಕಟ್ಟಿಕೊಳ್ಳುತ್ತವೆ. ಡಬ್ಬಿ ಸಿಕ್ಕಿದ್ದು ಸಹಜವಾಗಿಯೇ ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಕುಗ್ಗುವುದು ಬಹುಪಾಲು ಡಯಾಟಮ್‌ಗಳ ಹಣೆಬರಹ. ಆದರೆ ಹಾಸಿನ ಜಾತಿಯ ಚಿಪ್ಪು ಸ್ವಲ್ಪ ಹಿಗ್ಗುತ್ತಿದ್ದುದರಿಂದ ಅದು ಕುಗ್ಗುತ್ತಿರಲಿಲ್ಲ. ಅದಕ್ಕೆಂದೇ ಅದನ್ನು ಆರಿಸಿದ್ದರು.

ಕುಗ್ಗಬಾರದ್ದು ಕುಗ್ಗಿತ್ತು. ಎಂದರೆ ಇದು ಅದಲ್ಲ. ಹಾಗಾದರೆ ಊರಿಗೆಲ್ಲ ನೀರು ಸೋಸಿ ಕೊಡುತ್ತಿರುವುದು ಯಾವುದು?

ನೀಲಾಂಬಿಕಾ ನಿಯಂತ್ರಣ ಕೊಠಡಿಗೆ ಹೋದಳು. ಸ್ಥಾವರದ ಎಂಜಿನಿಯರ್ ಖಾದರಬಾಷಾ ನದಾಫ್ ಪರದೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದರು. ಮರಳಿಹಾಳಕ್ಕೆ ಹಾಸು ತರಿಸಲು ಕಚೇರಿಯಿಂದ ಕಚೇರಿಗೆ ಅಲೆದವರು ಅವರೇ. ಅವರ ತಾಯಿ ಕೊನೆಯ ವರ್ಷಗಳಲ್ಲಿ ಮಗನ ಮುಖ ನೋಡಬೇಕಾದರೆ ಮಗನೇ ನೆಲದ ಮೇಲೆ ಕೂರಬೇಕಿತ್ತು. ಅಷ್ಟು ಬಾಗಿತ್ತು ಆಕೆಯ ಬೆನ್ನು.

"ಸರ್, ಹಾಸಿನ್ಯಾಗಿನ ಪಾಚಿ ಬ್ಯಾರೆ ಆಗೇತಿ ಅನ್ನಸ್ತೈತಿ."

"ಬ್ಯಾರೆ ಅಂದ್ರ?"

"ಜಾತಿನ ಬ್ಯಾರೆ. ಹಳೇದನ್ನ ಇದು ತಿಂದು ಹಾಕೇತಿ."

ಖಾದರಬಾಷಾ ಪರದೆಯ ಕಡೆ ಬೆರಳು ತೋರಿಸಿದರು. ನೀರು ಹೊರಹೋಗುವ ಕಡೆಯ ಫ್ಲೋರೈಡ್ ಅಂಕಿ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. "ಇಲ್ನೋಡ್ರಿ ಮೇಡಂ. ಮೊದ್ಲಿಗಿಂತ ಕಡಿಮಿನ ಬರಾಕತ್ತೈತಿ. ನಿಮ್ಮ ಪಾಚಿ ಉದ್ದ ಐತೋ ಗಿಡ್ಡ ಐತೋ, ನನಗ ಬೇಕಾದ್ದು ಇಷ್ಟ."

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಹೊಸ ಪಾಚಿ ಹಳೆಯದಕ್ಕಿಂತ ಹೆಚ್ಚು ಚುರುಕಾಗಿ ಫ್ಲೋರೈಡ್ ಹೀರುತ್ತಿತ್ತು. ನೀಲಾಂಬಿಕಾಳಿಗೆ ಹೆದರಿಕೆ ಹುಟ್ಟಿಸಿದ್ದೂ ಅದೇ. ಕುಗ್ಗುವ ಡಯಾಟಮ್ ಎಂದೆಂದಿಗೂ ಕುಗ್ಗುತ್ತ ಹೋಗುವುದಿಲ್ಲ. ಒಂದು ಅಳತೆಗೆ ಬಂದಾಗ ಹಳೆಯ ಚಿಪ್ಪನ್ನು ಕಳಚಿ ಎಸೆದು, ಬರಿಮೈಯಲ್ಲಿ ಉಬ್ಬಿ, ಮತ್ತೆ ದೊಡ್ಡ ಕೋಶವಾಗಿ ಬದುಕು ಶುರುಮಾಡುತ್ತದೆ. ಕಳಚಿದ ಚಿಪ್ಪುಗಳೊಳಗಿನ ಫ್ಲೋರೈಡ್ ಎಲ್ಲಿಗೆ ಹೋಗುತ್ತದೆ?

ಮಾದರಿ ತೆಗೆದುಕೊಂಡು ಧಾರವಾಡಕ್ಕೆ ಹೋದಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರದೆಯ ಮೇಲೆ ಚಿಪ್ಪು ಮೂಡಿತು: ಒಂದು ತುದಿ ಅಗಲ, ಒಂದು ತುದಿ ಚೂಪು, ಮೈತುಂಬ ಸಾಲುಸಾಲು ರಂಧ್ರ. ಹಳೆಯ ಜಾತಿಗೆ ನಟ್ಟನಡುವೆ ಒಂದು ಒಂಟಿ ರಂಧ್ರ ಇರುತ್ತದೆ. ಇದಕ್ಕೆ ಎರಡಿದ್ದವು, ಹಾವು ಕಚ್ಚಿದ ಗುರುತಿನಂತೆ ಒಂದರ ಪಕ್ಕ ಒಂದು. ಚಿಪ್ಪಿನ ಗೋಡೆಯೂ ತೆಳು, ಮುಟ್ಟಿದರೆ ಪುಡಿಯಾಗುವಂತಿತ್ತು. ಜಗತ್ತಿನಲ್ಲಿ ಈವರೆಗೆ ವರ್ಣನೆಯಾದ ಡಯಾಟಮ್‌ಗಳ ಚಿತ್ರಗಳನ್ನೆಲ್ಲ ತೆಗೆದು ಹೋಲಿಸಿದಳು. ಇಂಥದ್ದು ಎಲ್ಲಿಯೂ ಇರಲಿಲ್ಲ. ಬೇರೆ ಯಾವ ದಿನವಾಗಿದ್ದರೂ ಅವಳು ಕುಣಿದಾಡುತ್ತಿದ್ದಳು. ಅವತ್ತು ಮಾದರಿಗಳನ್ನು ಚೀಲಕ್ಕೆ ಹಾಕಿಕೊಂಡು ಮೊದಲು ಸಿಕ್ಕ ಬಸ್ಸಿಗೆ ಊರಿಗೆ ಹೊರಟಳು.

ಇದು ಎಲ್ಲಿಂದ ಬಂತೆಂಬುದು ತಿಳಿಯಲು ಹೆಚ್ಚು ಹುಡುಕಬೇಕಾಗಲಿಲ್ಲ. ಹಿಂದಿನ ವರ್ಷ ಹಾಸುಗಳಿಗೆ ಹೊಸ ಹರಳು ಹಾಕಿಸಿದ್ದರು, ಊರ ಹಿಂದಿನ ಗುಡ್ಡದಿಂದಲೇ. ಗುಡ್ಡ ಹತ್ತಿದಳು. ಬಂಡೆಯ ನೆತ್ತಿಯಲ್ಲಿ ಮಳೆನೀರು ನಿಲ್ಲುವ ದೊಣೆಗಳಿದ್ದವು. ನೀರು ಇಂಗುತ್ತ ಬಂದಿದ್ದ ಒಂದು ದೊಣೆಯ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿಯ ಪದರ. ಉಗುರಿನಿಂದ ಕೆರೆದು ತಂದು ನೋಡಿದರೆ ಬರೀ ಖಾಲಿ ಚಿಪ್ಪು, ಪುಡಿ ಚಿಪ್ಪು, ಎರಡು ರಂಧ್ರದ ಚಿಪ್ಪು. ಎಲ್ಲವೂ ಒಂದೇ ಅಳತೆ. ಒಂದೊಂದಾಗಿ ಕಳಚಿದ್ದಲ್ಲ. ಒಂದು ಬಿಸಿಲಿನಲ್ಲಿ, ಒಟ್ಟಿಗೆ.

ಮನೆಯಲ್ಲಿ ನಾದಿನಿ ಶೈಲಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನೀಲಾಂಬಿಕಾಳ ಗಂಡ ಚನ್ನವೀರ ದೂರದ ಮಾರ್ಗದ ಬಸ್ಸಿನ ಚಾಲಕ. ಅವನು ಮನೆಯಲ್ಲಿರುವುದೇ ಅಪರೂಪ. ಅತ್ತೆ ಈರವ್ವ ಹಳೆಯ ನೀರು ಕುಡಿದವರು. ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದರು. ಆದರೂ ಮಗಳಿಗೆಂದು ಕೊಡ ತೊಳೆದು, ನಲ್ಲಿ ನೀರು ತುಂಬಿ, ಬಟ್ಟೆ ಮುಚ್ಚಿಡುವ ಕೆಲಸವನ್ನು ಸೊಸೆಗೂ ಬಿಡುತ್ತಿರಲಿಲ್ಲ.

"ಹೊಟ್ಟ್ಯಾಗಿನ ಕೂಸಿಗೆ ನೀರು ಭಾಳ ಬೇಕವ್ವಾ, ಕುಡಿ," ಎಂದು ಈರವ್ವ ಮಗಳ ಕೈಗೆ ಚೊಂಬು ಕೊಟ್ಟರು. ಮರುದಿನದಿಂದ ನೀಲಾಂಬಿಕಾ ನಲ್ಲಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿ ಪ್ರಯೋಗಾಲಯದಲ್ಲಿ ಪರೀಕ್ಷಿಸತೊಡಗಿದಳು. ಏನೂ ಇರಲಿಲ್ಲ. ಸದ್ಯಕ್ಕೆ.

ಪ್ರಯೋಗಾಲಯದ ಕಿಟಕಿಯ ಹತ್ತಿರ, ದೀಪದ ಬೆಳಕಿನಲ್ಲಿ ಬೆಚ್ಚಗಿಟ್ಟ ಒಂದು ಜಾಡಿಯಲ್ಲಿ, ದಿನವೂ ಕೊಳವೆಬಾವಿಯ ಹೊಸ ನೀರು ಬದಲಿಸುತ್ತ, ಅದೇ ಪಾಚಿಯನ್ನು ಬೆಳೆಸಿದ್ದಳು. ಅಲ್ಲಿ ಅದು ಹಾಸಿಗಿಂತ ವೇಗವಾಗಿ ಒಡೆದು, ವೇಗವಾಗಿ ಕುಗ್ಗುತ್ತಿತ್ತು. ಹಾಸಿನಲ್ಲಿ ಮುಂದೆ ಆಗಲಿರುವುದು ಜಾಡಿಯಲ್ಲಿ ಮೊದಲೇ ಆಗಬೇಕು. ಹದಿನೆಂಟು, ಹದಿನಾರು, ಹದಿನೈದು. ಹದಿನಾಲ್ಕಕ್ಕೆ ಬಂದ ಮಧ್ಯಾಹ್ನ, ಊಟ ಮುಗಿಸಿ ಬರುವಷ್ಟರಲ್ಲಿ ಜಾಡಿಯ ನೀರು ಗಂಜಿಯ ತಿಳಿಯಂತೆ ಬೆಳ್ಳಗಾಗಿತ್ತು.

ಮೀಟರಿನ ಕಡ್ಡಿಯನ್ನು ಅದರಲ್ಲಿ ಅದ್ದಿದಳು. ಫ್ಲೋರೈಡ್ ಸುರಕ್ಷಿತ ಮಟ್ಟದಲ್ಲೇ ಇತ್ತು. ಅರೆಗಳಿಗೆ ನಿರಾಳವೆನಿಸಿತು. ಆಮೇಲೆ ಥಟ್ಟನೆ ಹೊಳೆಯಿತು: ಈ ಮೀಟರು ನೀರಿನಲ್ಲಿ ಬಿಡಿಯಾಗಿ ಕರಗಿದ ಫ್ಲೋರೈಡನ್ನು ಮಾತ್ರ ಕಾಣುತ್ತದೆ. ಗಾಜಿನ ಪುಡಿಯೊಳಗೆ ಅಡಗಿ ಕೂತದ್ದು ಅದಕ್ಕೆ ಕಾಣುವುದಿಲ್ಲ. ಆ ಪುಡಿ ಎಷ್ಟು ನಯವೆಂದರೆ ಯಾವ ಸೋಸುಬಟ್ಟೆಯಲ್ಲೂ ನಿಲ್ಲುವುದಿಲ್ಲ. ಮನುಷ್ಯನ ಹೊಟ್ಟೆಗೆ ಹೋದರೆ? ಅಲ್ಲಿ ಆಮ್ಲವಿದೆ.

ಜಾಡಿಯಿಂದ ಲೋಟದಷ್ಟು ನೀರು ತೆಗೆದು, ಅದಕ್ಕೆ ಹೊಟ್ಟೆಯಲ್ಲಿರುವಷ್ಟೇ ಆಮ್ಲ ಬೆರೆಸಿ, ಮೈಯ ಶಾಖಕ್ಕೆ ಬಿಸಿಮಾಡಿ, ಸೋಡಾ ಹಾಕಿ ಆಮ್ಲವನ್ನು ತಣಿಸಿ, ಮತ್ತೆ ಕಡ್ಡಿ ಅದ್ದಿದಳು. ಅಂಕಿ ಏರತೊಡಗಿತು. ಮಿತಿ ದಾಟಿತು. ಹಳೆಯ ಕೊಳವೆಬಾವಿ ನೀರಿನ ಮಟ್ಟವನ್ನೂ ದಾಟಿತು. ಅದರ ಎರಡರಷ್ಟಾಗಿ, ಮೂರರಷ್ಟಾಗಿ, ಇನ್ನೂ ನಿಲ್ಲಲಿಲ್ಲ. ದಿನಗಟ್ಟಲೆ ಕೂಡಿಟ್ಟ ವಿಷವನ್ನು ಪಾಚಿ ಒಂದೇ ಸಲಕ್ಕೆ ಕೊಡವಿತ್ತು.

ಜಾಡಿ, ಆಮ್ಲ, ಮೀಟರು ಎಲ್ಲವನ್ನೂ ಟ್ರೇಯಲ್ಲಿಟ್ಟುಕೊಂಡು ನಿಯಂತ್ರಣ ಕೊಠಡಿಗೆ ಹೋಗಿ ಖಾದರಬಾಷಾ ಎದುರಿಗೇ ಮತ್ತೊಮ್ಮೆ ಮಾಡಿ ತೋರಿಸಿದಳು. ಅವರು ಮೀಟರಿನ ಮೇಲೆ ಬಗ್ಗಿ ನೋಡಿದರು. ಮುಗಿದ ಮೇಲೆ ಹಸಿರು ಅಂಕಿಯ ಕಡೆ ತಿರುಗಿದರು.

"ಅಂದ್ರ, ಹಾಸು ಹಿಂಗ ಆದ್ರೂ ಇದು ಹಸಿರನ ತೋರಸ್ತೈತಿ."

"ಹೌದ್ರಿ."

"ಯಾವಾಗ ಆಗಬಹುದು?"

"ಬಿಸಿಲು ಹಿಂಗ ಇದ್ರ, ವಾರ ಹಿಡಿಯೂದಿಲ್ರಿ."

ಅವರು ಫೋನು ಎತ್ತಿ ಮೇಲಿನ ಕಚೇರಿಗೆ ಮಾತಾಡಿದರು. ಆ ಕಡೆಯ ದನಿ ಕೊಠಡಿಗೆಲ್ಲ ಕೇಳುವಂತಿತ್ತು. ಹಾಸಿನ ಪರವಾನಗಿಯಲ್ಲಿ ಜೀವಿಯ ಹೆಸರು ನಮೂದಾಗಿದೆ. ಇರುವುದು ಅದೇ ಆದರೆ ನೀರು ನಿಲ್ಲಿಸಲು ಕಾರಣವಿಲ್ಲ, ಅಂಕಿ ಸರಿಯಾಗಿದೆ. ಇರುವುದು ಬೇರೆಯದಾದರೆ ಅದರ ಹೆಸರೇನು? ಎಲ್ಲಿ ಪ್ರಕಟವಾಗಿದೆ? ಹೆಸರೇ ಇಲ್ಲದ ಜೀವಿಯ ಮೇಲೆ ಆದೇಶ ಹೊರಡಿಸಲು ಬರುವುದಿಲ್ಲ. ಇನ್ನು ಹೆಸರಿಟ್ಟು ಪ್ರಕಟಿಸಿಬಿಟ್ಟರೆ ಪರವಾನಗಿ ಅಲ್ಲಿಗೇ ರದ್ದು. ಹೊಸ ಒಪ್ಪಿಗೆ ಸಿಗುವವರೆಗೆ ಸ್ಥಾವರ ಮುಚ್ಚಬೇಕು. ಅದು ವರ್ಷದ ಮಾತು. ನೋಡಿಕೊಂಡು ಮಾಡಿ, ಎಂದು ಆ ದನಿ ಫೋನಿಟ್ಟಿತು.

ಖಾದರಬಾಷಾ ಮೆಲ್ಲಗೆ ಹೇಳಿದರು. "ತಂಗಿ, ಒಂದು ಮಾತು ಕೇಳು. ಹಾಸೆಲ್ಲ ಕೆರೆಸಿ, ಹರಳು ತಗಸಿ, ಹಳೇ ಪಾಚಿ ತರಿಸಿ ಹಾಕಸ್ತೇನಿ. ರಿಪೇರಿ ಅಂತ ನಾಲ್ಕು ದಿನ ನೀರು ನಿಲ್ಲಸ್ತೇನಿ. ಯಾರಿಗೂ ಏನೂ ಆಗೂದಿಲ್ಲ. ನೀ ಹೆಸರಿಡೂ ಗೋಜಿಗೆ ಹೋಗಬ್ಯಾಡ."

ಅವರು ಅವಳನ್ನು ತಂಗಿ ಎಂದು ಕರೆದದ್ದು ಅದೇ ಮೊದಲು.

"ಮತ್ತ ಉಳಿದ ಊರು, ಸರ್? ಅವರೂ ತಮ್ಮ ತಮ್ಮ ಗುಡ್ಡದ ಹರಳು ಹಾಕ್ಯಾರ. ಅಲ್ಲೂ ದೊಣಿ ಅದಾವ. ಅವರ ಅಂಕಿನೂ ಹಸಿರ ಇರ್ತೈತಿ."

"ಅವರಿಗೆ ಫೋನ್ ಮಾಡಿ ಹೇಳೂಣು."

"ಏನಂತ ಹೇಳೂದ್ರಿ? ಹೆಸರಿಲ್ಲದ್ದು ಒಂದು ಬಂದೈತಿ ಅಂತನೋ? ಈಗ ನಿಮಗ ಏನ್ ಹೇಳಿದ್ರು, ಅವರಿಗೂ ಅದನ್ನ ಹೇಳ್ತಾರ."

ಖಾದರಬಾಷಾ ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ಹೋಗಿ ಕಾಲುವೆಗಳ ಅಂಚಿನಲ್ಲಿ ನಿಂತುಬಿಟ್ಟರು.

ಅವತ್ತು ಸಂಜೆ ನೀಲಾಂಬಿಕಾ ಮನೆಯಲ್ಲಿ ಎಲ್ಲವನ್ನೂ ಬಿಚ್ಚಿ ಹೇಳಿದಳು. ಈರವ್ವನವರಿಗೆ ಚಿಪ್ಪು, ರಂಧ್ರ ಬೇಕಾಗಿರಲಿಲ್ಲ. ಅವರಿಗೆ ಬೇಕಾದ್ದನ್ನು ಅವರು ಹಿಡಿದುಕೊಂಡರು.

"ಹೆಸರಿಟ್ರ ನೀರು ನಿಲ್ತೈತಿ. ಇಡದಿದ್ರ ಬರ್ತೈತಿ. ಹೌದಲ್ಲ?"

"ಹಂಗಲ್ಲ ಅತ್ತಿ…"

"ಹಂಗ ಐತಿ! ಕೂಸು ಬರೂ ಮನಿ ಇದು. ಮತ್ತ ಆ ಬೋರಿನ ನೀರು ಕುಡೀಬೇಕೇನು? ನನ್ನ ಬೆನ್ನು ನೋಡಿಲ್ಲೇನು ನೀ?" ಈರವ್ವ ಗೋಡೆ ಹಿಡಿದು ಎದ್ದರು. "ಶೈಲಾನ್ನ ನಾಳೆನ ಗಂಡನ ಊರಿಗೆ ಕಳಸ್ತೇನಿ. ಹೆರಿಗಿ ಅಲ್ಲೇ ಆಗಲಿ. ಊರ ಮಂದಿ ಏನಾರ ಅಂದ್ಕೊಳ್ಳಲಿ."

ಶೈಲಾ ಅಷ್ಟು ಹೊತ್ತು ಗೋಡೆಗೊರಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. "ವೈನಿ, ನಾ ಇಷ್ಟು ದಿನ ಕುಡಿದಿದ್ದು?"

"ಏನೂ ಇಲ್ಲ. ಇವತ್ತ ನಲ್ಲಿ ನೀರಿಗೂ ಆಮ್ಲ ಹಾಕಿ ನೋಡೇನಿ. ಇವತ್ತಿನ ತನಕ ಚೊಲೋ ಐತಿ."

"ಗುಡದೂರಾಗೂ ಹಾಸು ಐತಲ್ಲ?"

ಗುಡದೂರು ಅವಳ ಗಂಡನ ಊರು. ನೀಲಾಂಬಿಕಾ ತಲೆಯಾಡಿಸಿದಳು. ಅಲ್ಲಿಯೂ ಹಾಸಿತ್ತು, ಅಲ್ಲಿಯೂ ಬಂಡೆಗುಡ್ಡವಿತ್ತು.

"ಅಲ್ಲಿ ಆಮ್ಲ ಹಾಕಿ ನೋಡೂರು ಯಾರು ಅದಾರ?" ಎಂದಳು ಶೈಲಾ.

ಈರವ್ವ ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋದರು.

ನೀಲಾಂಬಿಕಾ ವರ್ಣನೆ ಬರೆಯಲು ಕೂತಳು. ಹೊಸ ಪ್ರಭೇದಕ್ಕೆ ಹೆಸರಿಡುವುದು ಒಂದು ಚೀಟಿ ಅಂಟಿಸಿದಷ್ಟು ಸುಲಭವಲ್ಲ. ಉದ್ದ, ಅಗಲ, ಸಾಲುಗಳ ಎಣಿಕೆ, ಹತ್ತಿರದ ಜಾತಿಗಳಿಗಿಂತ ಇದು ಹೇಗೆ ಬೇರೆ ಎಂಬ ವಾದ, ಚಿತ್ರಗಳು, ದೊಣೆ ಇರುವ ಜಾಗ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಒಂದು ಸ್ಲೈಡ್. ಮುಂದೆ ಯಾರಿಗೆ ಅನುಮಾನ ಬಂದರೂ ಬಂದು ನೋಡುವಂತೆ ಅದನ್ನು ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಒಂದು ಅಳತೆ ತಪ್ಪಿದರೂ ಹಳೆಯ ಜಾತಿಯದೇ ಸಣ್ಣ ರೂಪವೆಂದು ತಳ್ಳಿಹಾಕುತ್ತಾರೆ. ಆತುರ ಪಡುವಂತಿಲ್ಲ, ತಡ ಮಾಡುವಂತಿಲ್ಲ. ತರಿಸಬೇಕಾದ ಹಳೆಯ ಪಾಚಿ ಇನ್ನೂ ಬಾರದ್ದರಿಂದ ಖಾದರಬಾಷಾ ಹಾಸು ಕೆರೆಸಿರಲಿಲ್ಲ. ಬರೆದಷ್ಟು ಬರೆದು ಎದ್ದು ಹೋಗಿ ಹಾಸಿನ ಕೋಶ ಅಳೆದು ಬರುತ್ತಿದ್ದಳು. ಹದಿನೇಳು. ಹದಿನಾರು.

ಹದಿನೈದರ ದಿನ ಕೂಡ ಅವಳು ಇನ್ನೂ ಸಮಯವಿದೆಯೆಂದುಕೊಂಡಿದ್ದಳು. ಬಿಸಿಲು ಅವಳ ಲೆಕ್ಕಕ್ಕಿಂತ ಜೋರಾಗಿತ್ತು. ಮಧ್ಯಾಹ್ನ ತುದಿಯ ಕಾಲುವೆಯಲ್ಲಿ ನೀರು ಮಂಕಾದದ್ದು ಕಂಡಿತು. ಮೊದಲು ಆಕಾಶದ ನೆರಳೆಂದುಕೊಂಡಳು. ಮಂಕು ಕಾಲುವೆಯುದ್ದಕ್ಕೂ ಹರಡುತ್ತ, ಪಕ್ಕದ ಕಾಲುವೆಯಲ್ಲಿಯೂ ಬಿಳಿಯ ಹೊಗೆಯಂತೆ ಏಳತೊಡಗಿತು.

ಅವಳು ಓಡಿದಳು.

"ಸರ್, ಶುರು ಆತು!"

ಖಾದರಬಾಷಾ ಪರದೆ ನೋಡಿದರು. ಹಸಿರು. ಒಂದು ಅಂಶವೂ ಕದಲಿರಲಿಲ್ಲ. ಊರಿನ ಟ್ಯಾಂಕಿಗೆ ನೀರು ಹೋಗುತ್ತಿತ್ತು. ಪರದೆ ಹಸಿರಾಗಿರುವಾಗ ನೀರು ನಿಲ್ಲಿಸಿದರೆ ಅದಕ್ಕೆ ಅವರೊಬ್ಬರೇ ಹೊಣೆ. ನಿಲ್ಲಿಸಲು ಹೇಳುವ ಆದೇಶವಿಲ್ಲ, ಕಾಗದವಿಲ್ಲ. ಅವರು ಎದ್ದು ಹೊರಗೆ ಬಂದು, ಬೆಳ್ಳಗಾದ ಕಾಲುವೆಯನ್ನು ಒಮ್ಮೆ ನೋಡಿ, ವಾಲ್ವಿನ ಚಕ್ರಕ್ಕೆ ಎರಡೂ ಕೈ ಹಾಕಿದರು. ಎಂದೂ ತಿರುಗಿಸದ ಚಕ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ನೀಲಾಂಬಿಕಾಳೂ ಕೈ ಹಾಕಿದಳು. ಚಕ್ರ ಕಿರುಗುಟ್ಟಿ, ಒಂದು ಗೇಣು ತಿರುಗಿ, ಆಮೇಲೆ ಸರಾಗವಾಯಿತು. ನೀರಿನ ಸದ್ದು ನಿಂತಿತು. ಖಾದರಬಾಷಾ ಇನ್ನೊಂದು ಬದಿಯ ತೂಬು ತೆಗೆದು ಬಿಳಿಯ ನೀರನ್ನು ಒಣಗುಂಡಿಗೆ ಬಿಟ್ಟರು.

ಆಮ್ಲ ಹಾಕಿ ನೋಡಿದಾಗ ಟ್ಯಾಂಕಿನ ನೀರು ಇನ್ನೂ ಶುದ್ಧವಾಗಿತ್ತು. ಕೊಳವೆಯಲ್ಲಿದ್ದದ್ದು ಶುದ್ಧವಾಗಿರಲಿಲ್ಲ. ಸ್ವಲ್ಪ ತಡವಾಗಿದ್ದರೂ ಟ್ಯಾಂಕಿಗೆ ಸೇರುತ್ತಿತ್ತು.

ಊರಿಗೆ ಊರೇ ಗೇಟಿಗೆ ಬಂತು. ಖಾದರಬಾಷಾ ಗೇಟಿನ ಬಳಿ ನಿಂತರು. ಈಗ ರಿಪೇರಿ ಎಂದುಬಿಡುತ್ತಾರೆ ಎಂದುಕೊಂಡಳು ನೀಲಾಂಬಿಕಾ. ಅವರು ಹಿಂತಿರುಗಿ ಅವಳನ್ನೊಮ್ಮೆ ನೋಡಿದರು.

"ಹಾಸಿನ್ಯಾಗ ಬ್ಯಾರೆ ಪಾಚಿ ಸೇರೇತಿ," ಎಂದರು ಗಟ್ಟಿಯಾಗಿ. "ನೀರು ವಿಷ ಆಗಿತ್ತು. ನಾ ನಿಲ್ಲಿಸೇನಿ. ಯಾವಾಗ ಬಿಡ್ತೇನಿ ಅಂತ ನನಗ ಗೊತ್ತಿಲ್ಲ."

ಆ ಸಂಜೆಯೇ ಅವಳು ಲೇಖನವನ್ನು ಕಳಿಸಿದಳು. ಕಳಿಸುವ ಮೊದಲು ಖಾದರಬಾಷಾ ಒಂದೇ ಒಂದು ಬೇಡಿಕೆ ಇಟ್ಟಿದ್ದರು, ಇದಕ್ಕೆ ಊರಿನ ಹೆಸರು ಮಾತ್ರ ಇಡಬೇಡ ಎಂದು. ಅವಳಿಗೂ ಆ ಮನಸ್ಸಿರಲಿಲ್ಲ. ಊರಿನ ಹೆಸರಿಟ್ಟರೆ ಓದಿದವರಿಗೆ ಏನು ತಿಳಿಯುತ್ತದೆ? ಹೆಸರೇ ಕೂಗಿ ಹೇಳುವಂತಿರಬೇಕು. 'ಗೊಂಫೊನೀಮಾ ಡೆಸಿಡುವಮ್' ಎಂದಿಟ್ಟಳು. ಉದುರಿಸುವಂಥದ್ದು, ಕಳಚಿ ಎಸೆಯುವಂಥದ್ದು ಎಂದು ಎರಡನೆಯ ಪದದ ಅರ್ಥ; ಮೊದಲನೆಯದು ಕುಲದ ಹೆಸರು. ವರ್ಣನೆಯ ಕೊನೆಗೆ, ಇಂಥ ಲೇಖನಗಳಲ್ಲಿ ಯಾರೂ ಬರೆಯದ ಸಾಲುಗಳನ್ನು ಸೇರಿಸಿದಳು: ಹದಿನಾರು ಮೈಕ್ರಾನ್‌ಗೆ ಇಳಿದರೆ ನೀರು ನಿಲ್ಲಿಸಿ, ಮೀಟರನ್ನು ನಂಬಬೇಡಿ, ಆಮ್ಲ ಬೆರೆಸಿ ನೋಡಿ. ಅದಕ್ಕೂ ಮೊದಲೇ ಕೆರೆದರೆ ಈ ಪಾಚಿ ಹಳೆಯದಕ್ಕಿಂತ ಚೆನ್ನಾಗಿ ದುಡಿಯಬಹುದು ಎಂದೂ ಬರೆದಳು.

ಲೇಖನ ಪ್ರಕಟವಾದ ದಿನವೇ ಪರವಾನಗಿ ರದ್ದಾಯಿತು. ಖಾದರಬಾಷಾಗೆ ಕಾರಣ ಕೇಳಿ ನೋಟಿಸು ಬಂತು. ಊರಿಗೆ ಹೊಳೆಯ ನೀರು ಟ್ಯಾಂಕರಿನಲ್ಲಿ ಬರತೊಡಗಿತು, ದಿನ ಬಿಟ್ಟು ದಿನ, ಅರ್ಧ ಊರಿಗೆ ಸಾಲುವಷ್ಟು. ಉಳಿದವರು ಬೋರಿನ ನೀರನ್ನೇ ಹಿಡಿದರು. ನೀಲಾಂಬಿಕಾ ಸಂತೆಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಒಬ್ಬಾಕೆ ಅವಳ ಎದುರಿಗೇ ಹೇಳಿದಳು: "ಹೆಸರಿಟ್ಟು ಹೆಸರು ಮಾಡಿದಿ. ನಮಗೇನು ಬಂತು?" ಆಕೆಯ ಸೊಂಟದ ಮೇಲಿದ್ದ ಕೂಸಿಗೆ ಆಗಷ್ಟೇ ಎರಡು ಹಲ್ಲು ಮೂಡಿದ್ದವು. ನೀಲಾಂಬಿಕಾಳಿಗೆ ಆ ಹಲ್ಲುಗಳಿಂದ ಕಣ್ಣು ಕೀಳಲಾಗಲಿಲ್ಲ.

ಈರವ್ವ ಸೊಸೆಯ ಜೊತೆ ಮಾತು ಬಿಟ್ಟಿದ್ದರು. ಶೈಲಾಳನ್ನು ಗುಡದೂರಿಗೆ ಕಳಿಸುವ ಮಾತನ್ನೂ ಎತ್ತಲಿಲ್ಲ. ಟ್ಯಾಂಕರು ಬಂದಾಗ ಬೆನ್ನು ಬಾಗಿಸಿಕೊಂಡೇ ಸರದಿಯಲ್ಲಿ ಮುಂದೆ ನಿಲ್ಲುತ್ತಿದ್ದರು. ಅವರಿಗೆ ಜಾಗ ಬಿಡದಿರಲು ಯಾರಿಗೂ ಧೈರ್ಯವಿರಲಿಲ್ಲ.

ಖಾದರಬಾಷಾ ನೋಟಿಸಿಗೆ ಉತ್ತರ ಬರೆಯುತ್ತ ಪ್ರಯೋಗಾಲಯದಲ್ಲೇ ಕೂತಿದ್ದ ಒಂದು ಬೆಳಿಗ್ಗೆ ನೀಲಾಂಬಿಕಾಳ ಫೋನು ರಿಂಗಾಯಿತು. ಆ ಕಡೆಯಿಂದ ಹೆಂಗಸಿನ ದನಿ, ಏದುಸಿರು.

"ಆ ಪಾಚಿ ಬಗ್ಗೆ ಬರೆದ ಮೇಡಂ ನೀವಽ ಏನ್ರಿ? ನಾ ಗುಡದೂರ ಹಾಸಿನ ಆಪರೇಟರ್ ಯಮನವ್ವ ಅಂತ. ನಿಮ್ಮ ಚಿತ್ರ ನೋಡಿ ನಾನೂ ಅಳೆದೆ. ಹದಿನಾಲ್ಕು ಐತ್ರಿ. ಮೂಲ್ಯಾಗಿನ ನೀರು ಬೆಳ್ಳಗಾಗಾಕತ್ತೈತಿ. ಅಂಕಿ ಹಸಿರ ಐತಿ."

ನೀಲಾಂಬಿಕಾ ಎದ್ದು ನಿಂತಳು. "ಈಗಿಂದೀಗ ವಾಲ್ವ್ ಮುಚ್ಚರಿ."

"ನಮ್ಮ ಸಾಹೇಬ್ರು ಇಲ್ಲಿಲ್ರಿ. ಫೋನ್ ಹತ್ತವಲ್ದು. ಆದೇಶ ಇಲ್ದ ಮುಚ್ಚಿದ್ರ ನನ್ನ ಕೆಲಸ ಹೋಗ್ತೈತಿ. ಊರ ಮಂದಿ ನನ್ನ ಸುಮ್ನ ಬಿಡ್ತಾರೇನ್ರಿ?"

"ಯಮನವ್ವಾರ, ಆ ನೀರು…"

ಖಾದರಬಾಷಾ ಕೈ ಚಾಚಿದರು. ನೀಲಾಂಬಿಕಾ ಫೋನು ಕೊಟ್ಟಳು.

"ನಾ ಮರಳಿಹಾಳದ ಎಂಜಿನಿಯರ್ ಮಾತಾಡಾಕತ್ತೇನಿ," ಎಂದರು ಅವರು. "ನೋಡವ್ವಾ, ನಿನಗ ಸುಳ್ಳು ಹೇಳೂದಿಲ್ಲ. ಬೈತಾರ. ಗೇಟಿಗೆ ಬರ್ತಾರ. ನೋಟಿಸ್ ಬರ್ತೈತಿ, ನನಗೂ ಬಂದೈತಿ, ಇಲ್ಲೇ ಮುಂದ ಇಟ್ಕೊಂಡು ಕೂತೇನಿ. ಯಾರು ಹೇಳಿದ್ರು ಅಂತ ಕೇಳಿದ್ರ ಖಾದರಬಾಷಾ ನದಾಫ್ ಹೇಳ್ಯಾನ ಅನ್ನು. ಚಕ್ರ ಬಿಗಿ ಇರ್ತೈತಿ, ಒಬ್ಬಾಕಿ ಕೈಲೆ ಆಗೂದಿಲ್ಲ. ಹತ್ರ ಯಾರರ ಇದ್ರ ಕರಿ. ಕರದಿ? ಹಾಂ. ಈಗ ತಿರುವು."

ಫೋನಿನ ಆಚೆ ಯಾರೋ ತಿಣುಕುವುದು ಕೇಳಿಸಿತು, ಕಬ್ಬಿಣ ಕಿರುಗುಟ್ಟುವುದು ಕೇಳಿಸಿತು. ಆಮೇಲೆ, ಅಷ್ಟು ಹೊತ್ತು ಹಿಂದೆ ಹರಿಯುತ್ತಲೇ ಇದ್ದ ನೀರಿನ ಸದ್ದು ಸಣ್ಣಗಾಗುತ್ತ, ಸಣ್ಣಗಾಗುತ್ತ, ನಿಂತಿತು.